ಸಂಭವನೀಯತೆಗಳನ್ನು ಕೂಡಿಸಿದಾಗ ಉತ್ತರ ತಪ್ಪುವುದೇಕೆ? ದೋಷ ಹುಡುಕುವ ಕೈಪಿಡಿ

ಒಂದು ದಾಳ ಉರುಳಿಸುತ್ತೀರಿ. ಸಮಸಂಖ್ಯೆ ಅಥವಾ ಅವಿಭಾಜ್ಯ ಸಂಖ್ಯೆ ಬೀಳುವ ಸಂಭವನೀಯತೆ ಎಷ್ಟು? ಸಮಸಂಖ್ಯೆಗಳು ಮೂರು: 2, 4, 6. ಅವಿಭಾಜ್ಯಗಳೂ ಮೂರು: 2, 3, 5. 3/6ಕ್ಕೆ 3/6 ಸೇರಿಸಿದರೆ 1 ಬಂತು. ಸಂಭವನೀಯತೆ 1 ಎಂದರೆ ಆಗಿಯೇ ತೀರುವ ಘಟನೆ. ಆದರೆ ದಾಳ 1 ತೋರಿಸಿದರೆ? ಅದು ಸಮವೂ ಅಲ್ಲ, ಅವಿಭಾಜ್ಯವೂ ಅಲ್ಲ. ಆಗಿಯೇ ತೀರಬೇಕಾದದ್ದು ಆಗಲಿಲ್ಲ. ಸರಿಯಾದ ಉತ್ತರ 5/6.

ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ತಪ್ಪು ಇದು. ಬರೆದವರ ಗಮನ ತಪ್ಪಿತು ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಕೆಲವು ಲೆಕ್ಕಗಳಲ್ಲಿ ಬರೀ ಕೂಡಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ಅಲ್ಲಿ ಬಂದ ಧೈರ್ಯ ಇಲ್ಲಿ ಕೈಕೊಡುತ್ತದೆ. ಆದ್ದರಿಂದ ಸೂತ್ರವನ್ನು ಇನ್ನೊಮ್ಮೆ ಬಾಯಿಪಾಠ ಮಾಡಿಸುವ ಬದಲು, ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವ ಹಾಗೆ ಲೆಕ್ಕವನ್ನು ಬಿಚ್ಚಿ ನೋಡೋಣ.

ದೋಷ ಇದೆ ಎಂದು ಗೊತ್ತಾಗುವುದು ಹೇಗೆ

ಕೂಗಿ ಹೇಳುವ ಲಕ್ಷಣ ಒಂದೇ: ಉತ್ತರ 1ನ್ನು ದಾಟಿರುತ್ತದೆ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಅದು 2, 3 ಅಥವಾ 5ರಿಂದ ಭಾಗವಾಗುವ ಸಂಭವನೀಯತೆ ಕೇಳಿದ್ದಾರೆ ಎನ್ನಿ. 0.50, 0.33, 0.20 ಕೂಡಿಸಿದರೆ 1.03. ಇಂಥ ಉತ್ತರ ಕಂಡವರು ತಾವೇ ನಿಂತು ಹಿಂದಿರುಗಿ ನೋಡುತ್ತಾರೆ. ಇದು ಅಪಾಯಕಾರಿ ದೋಷವಲ್ಲ.

ಅಪಾಯ ಇರುವುದು ಸದ್ದಿಲ್ಲದ ದೋಷದಲ್ಲಿ. ಉತ್ತರ 0 ಮತ್ತು 1ರ ನಡುವೆ ತಣ್ಣಗೆ ಕುಳಿತಿರುತ್ತದೆ, ನೋಡಲು ಸಭ್ಯವಾಗಿರುತ್ತದೆ, ಆದರೆ ತಪ್ಪಾಗಿರುತ್ತದೆ. 52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆ ಎಳೆದರೆ ಅದು ರಾಜ ಅಥವಾ ಹಾರ್ಟ್ಸ್ ಆಗಿರುವ ಸಂಭವನೀಯತೆ 4/52 + 13/52 = 17/52 ಎಂದು ಬರೆದರೆ ಅನುಮಾನ ಹುಟ್ಟಲು ಏನೂ ಕಾರಣವಿಲ್ಲ. ಸರಿಯಾದದ್ದು 16/52. ಹಾರ್ಟ್ಸ್ ರಾಜ ಎರಡು ಸಲ ಎಣಿಕೆಯಾಗಿದ್ದಾನೆ, ಅಷ್ಟೇ. ಉತ್ತರವನ್ನು ಎಷ್ಟು ದಿಟ್ಟಿಸಿದರೂ ಈ ಒಂದು ಎಲೆ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಉತ್ತರವನ್ನಲ್ಲ, ಘಟನೆಗಳನ್ನು.

ಮೊದಲ ಪರೀಕ್ಷೆ: ಎರಡೂ ಕಡೆ ನಿಲ್ಲುವ ಒಂದು ಫಲಿತವನ್ನು ಹೆಸರಿಸಿ

ಕೂಡುವ ಚಿಹ್ನೆ ಹಾಕುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಪ್ರಯೋಗ ಒಮ್ಮೆ ನಡೆದಾಗ ಎರಡೂ ಘಟನೆಗಳನ್ನು ಏಕಕಾಲಕ್ಕೆ ನಿಜ ಮಾಡುವ ಒಂದೇ ಒಂದು ಫಲಿತ ಇದೆಯೇ? ಇದ್ದರೆ ಅದನ್ನು ಹೆಸರು ಹಿಡಿದು ಹೇಳಿ. ‘ಹಾರ್ಟ್ಸ್ ರಾಜ.’ ‘ದಾಳದ 2.’ ಹೆಸರು ಬಾಯಿಗೆ ಬಂದರೆ ಘಟನೆಗಳು ಒಂದರ ಮೇಲೊಂದು ಹಾಯ್ದಿವೆ, ಆ ಪಾಲನ್ನು ಒಮ್ಮೆ ಕಳೆಯಲೇಬೇಕು (ಇಲ್ಲಿ ‘ಸಂ’ ಎಂದರೆ ಸಂಭವನೀಯತೆ):

ಸಂ(ಅ ಅಥವಾ ಬ) = ಸಂ(ಅ) + ಸಂ(ಬ) − ಸಂ(ಅ ಮತ್ತು ಬ)

ಅಂಥ ಫಲಿತ ಒಂದೂ ಇಲ್ಲದಿದ್ದರೆ ಅವು ಪರಸ್ಪರ ಹೊರಗಿಡುವ ಘಟನೆಗಳು. ಒಂದು ನಡೆದರೆ ಇನ್ನೊಂದಕ್ಕೆ ಜಾಗವಿಲ್ಲ. ಆಗ ಕೊನೆಯ ಪದ ಸೊನ್ನೆ, ಬರೀ ಕೂಡಿದರೆ ಸಾಕು. ಒಂದು ಎಲೆ ಎಳೆದಾಗ ರಾಜ ಅಥವಾ ರಾಣಿ ಬರುವುದು 4/52 + 4/52 = 2/13. ಇಲ್ಲಿ ಯಾವ ತಕರಾರೂ ಇಲ್ಲ. ಎರಡು ಸೂತ್ರಗಳಿವೆ ಎಂದು ಕಲಿಯುವ ಅಗತ್ಯವೂ ಇಲ್ಲ. ಇರುವುದು ಒಂದೇ, ಕೆಲವೊಮ್ಮೆ ಅದರ ಕೊನೆಯ ಪದ ಸೊನ್ನೆಯಾಗುತ್ತದೆ. 1933ರಲ್ಲಿ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ ಸಂಭವನೀಯತೆಗೆ ಮೂಲತತ್ತ್ವಗಳನ್ನು ಕಟ್ಟಿದಾಗ ಕೂಡುವ ಹಕ್ಕನ್ನು ಕೊಟ್ಟದ್ದು ಪರಸ್ಪರ ಹೊರಗಿಡುವ ಘಟನೆಗಳಿಗೆ ಮಾತ್ರ. ಕಳೆಯುವ ಸೂತ್ರ ಆ ತತ್ತ್ವದಿಂದಲೇ ಹುಟ್ಟುತ್ತದೆ: ಅ ಮತ್ತು ಬ ಎರಡನ್ನೂ ‘ಅ ಮಾತ್ರ’, ‘ಬ ಮಾತ್ರ’, ‘ಎರಡೂ’ ಎಂಬ ಮೂರು ತುಂಡು ಮಾಡಿದರೆ ಆ ಮೂರೂ ಪರಸ್ಪರ ಹೊರಗಿಡುತ್ತವೆ. ಉಳಿದದ್ದು ಕೂಡಿ ಕಳೆಯುವ ಕೆಲಸ.

ಈ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ಘಟನೆಗಳ ಹೆಸರು ನೋಡಿ ತೀರ್ಪು ಕೊಡಬೇಡಿ, ಪ್ರಯೋಗ ಯಾವುದು ಎಂದು ನೋಡಿ. ರಾಜ ಮತ್ತು ರಾಣಿ ಒಂದು ಎಲೆ ಎಳೆಯುವಾಗ ಪರಸ್ಪರ ಹೊರಗಿಡುತ್ತವೆ. ಎರಡು ಎಲೆ ಎಳೆಯುವಾಗ ‘ಕನಿಷ್ಠ ಒಂದು ರಾಜ’ ಮತ್ತು ‘ಕನಿಷ್ಠ ಒಂದು ರಾಣಿ’ ಜೊತೆಯಾಗಿ ಬರಬಹುದು. ಫಲಿತದ ಹೆಸರು ‘ಒಂದು ರಾಜ, ಒಂದು ರಾಣಿ’. ಪದಗಳು ಅವೇ, ಪ್ರಯೋಗ ಬದಲಾಯಿತು. ಎರಡು ದಾಳಗಳಲ್ಲೂ ಹೀಗೆಯೇ. ಜೋಡಿ ಬೀಳುವುದು (ಎರಡರಲ್ಲೂ ಒಂದೇ ಸಂಖ್ಯೆ) ಮತ್ತು ಮೊತ್ತ 7 ಬರುವುದು ಎಂದೂ ಜೊತೆಯಾಗುವುದಿಲ್ಲ, ಏಕೆಂದರೆ ಜೋಡಿಯ ಮೊತ್ತ ಯಾವಾಗಲೂ ಸಮ; ಆದ್ದರಿಂದ 6/36 + 6/36 = 12/36. ಮೊತ್ತವನ್ನು 8 ಮಾಡಿ ನೋಡಿ: (4, 4) ಎರಡೂ ಕಡೆ ನಿಂತಿದೆ, ಉತ್ತರ 6/36 + 5/36 − 1/36 = 10/36.

ಅತಿ ಹೆಚ್ಚು ಜನ ಬೀಳುವ ಗುಂಡಿ: ‘ಇಷ್ಟು ಸಲ ಪ್ರಯತ್ನಿಸಿದರೆ ಒಮ್ಮೆಯಾದರೂ’

ದಾಳವನ್ನು ಆರು ಸಲ ಉರುಳಿಸಿದರೆ ಒಮ್ಮೆಯಾದರೂ 6 ಬೀಳುತ್ತದೆ ಎಂದು ಬಹಳ ಮಂದಿ ಮನಸ್ಸಿನ ಮೂಲೆಯಲ್ಲಿ ನಂಬಿರುತ್ತಾರೆ. 1/6ನ್ನು ಆರು ಸಲ ಕೂಡಿದರೆ 1 ತಾನೇ. ಹಾಗಾದರೆ ಏಳು ಸಲ ಉರುಳಿಸಿದರೆ 7/6 ಆಗಬೇಕು, ಅಲ್ಲಿಗೆ ತರ್ಕ ಕುಸಿಯುತ್ತದೆ. ಆರು ಉರುಳಿಕೆಗಳಲ್ಲಿ ಒಮ್ಮೆಯಾದರೂ 6 ಬೀಳುವ ನಿಜವಾದ ಸಂಭವನೀಯತೆ 1 − (5/6)⁶, ಸುಮಾರು 0.665. ಮೂರರಲ್ಲಿ ಒಂದು ಪಾಲು ಸಂದರ್ಭಗಳಲ್ಲಿ 6ರ ಮುಖವೇ ಕಾಣುವುದಿಲ್ಲ.

ಈ ಗುಂಡಿಯಲ್ಲಿ ದೊಡ್ಡವರೂ ಬಿದ್ದಿದ್ದಾರೆ. 16ನೇ ಶತಮಾನದ ಇಟಲಿಯ ವೈದ್ಯ, ಗಣಿತಜ್ಞ ಕಾರ್ಡಾನೊ ದಾಳದಾಟದ ಲೆಕ್ಕವನ್ನು ಮೊದಲಿಗೆ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಒಬ್ಬ. ಮೂರು ದಾಳಗಳಲ್ಲಿ ಬೇಕಾದ ಮುಖ ಬರುವುದಕ್ಕೂ ಬಾರದಿರುವುದಕ್ಕೂ ಸಮಾನ ಅವಕಾಶ ಎಂಬ ಜಾಡಿನಲ್ಲಿ ಆತನ ತರ್ಕವೂ ಹೋಗಿತ್ತು, 3 × 1/6 = 1/2 ಎಂಬಂತೆ. ಎಲ್ಲಿ ತಪ್ಪಿತು ಎಂಬುದನ್ನು ಒಂದೊಂದಾಗಿ ಎಣಿಸಿಯೇ ನೋಡೋಣ, ಏಕೆಂದರೆ ದೋಷದ ಮೇಲೆ ನೇರವಾಗಿ ಬೆರಳಿಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರು ದಾಳಗಳಿಗೆ ಒಟ್ಟು 216 ಫಲಿತಗಳು. ಪ್ರತಿ ದಾಳದಲ್ಲಿ 6 ಇರುವ ಫಲಿತಗಳು 36. ಮೂರನ್ನೂ ಕೂಡಿದರೆ 108, ಅಂದರೆ 216ರ ಅರ್ಧ. ಈಗ ಈ 108ರೊಳಗೆ ಇಣುಕಿ. ನಿಖರವಾಗಿ ಎರಡು 6 ಇರುವ ಫಲಿತಗಳು 15, ಪ್ರತಿಯೊಂದೂ ಎರಡು ಸಲ ಎಣಿಕೆಯಾಗಿದೆ, ಹೆಚ್ಚುವರಿ 15. ಮೂರೂ 6 ಇರುವ ಫಲಿತ ಒಂದೇ, ಅದು ಮೂರು ಸಲ ಎಣಿಕೆಯಾಗಿದೆ, ಹೆಚ್ಚುವರಿ 2. ಒಟ್ಟು 17 ಹೆಚ್ಚಾಗಿದೆ. 108ರಿಂದ 17 ಕಳೆದರೆ 91. ಸರಿಯಾದ ಸಂಭವನೀಯತೆ 91/216, ಸುಮಾರು 0.421. ಅಡ್ಡದಾರಿಯಲ್ಲಿ ತಾಳೆ ನೋಡಿ: ಒಂದೂ 6 ಇಲ್ಲದ ಫಲಿತಗಳು 5 × 5 × 5 = 125, 216 − 125 = 91. ಎರಡೂ ದಾರಿ ಒಂದೇ ಊರಿಗೆ ಬಂದವು.

ಹಾಗಾದರೆ ಆ 1/2 ಯಾವುದರ ಲೆಕ್ಕ? ಅದು ಕಸವಲ್ಲ, ಅದಕ್ಕೂ ಅರ್ಥವಿದೆ. ಮೂರು ದಾಳಗಳನ್ನು ಮತ್ತೆ ಮತ್ತೆ ಉರುಳಿಸಿದರೆ ಪ್ರತಿ ಸಲಕ್ಕೆ ಸರಾಸರಿ ಎಷ್ಟು 6ಗಳು ಬೀಳುತ್ತವೆ ಎಂಬುದಕ್ಕೆ ಅದು ಉತ್ತರ. ಸರಾಸರಿ 1ನ್ನು ದಾಟಿದರೂ ಅಡ್ಡಿಯಿಲ್ಲ. ಏಳು ಉರುಳಿಕೆಗಳಲ್ಲಿ ಸರಾಸರಿ 7/6 ಸಲ 6 ಬೀಳುವುದು ಪೂರ್ತಿ ನಿಜ. ಅಂದರೆ ಬರೀ ಕೂಡಿದವರು ಕೇಳದ ಪ್ರಶ್ನೆಯೊಂದಕ್ಕೆ ಸರಿಯಾದ ಉತ್ತರ ಬರೆದಿದ್ದಾರೆ. ಇದನ್ನು ತಿಳಿದ ಮೇಲೆ ನಾನು ಆ ಉತ್ತರಗಳ ಮೇಲೆ ಬರೀ ಕೆಂಪು ಗೀಟು ಎಳೆಯುವುದನ್ನು ಬಿಟ್ಟೆ. ‘ಇದು ಎಷ್ಟು ಸಲ ಎಂಬುದರ ಸರಾಸರಿ, ಕೇಳಿದ್ದು ಒಮ್ಮೆಯಾದರೂ ಎಂಬುದರ ಸಂಭವನೀಯತೆ’ ಎಂದು ಪಕ್ಕದಲ್ಲಿ ಬರೆಯುತ್ತೇನೆ.

ಸರಾಸರಿಯನ್ನೇ ಸಂಭವನೀಯತೆ ಎಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಶೆವಾಲಿಯೇ ದ ಮೆರೆಯ ದಾಳದ ಸಮಸ್ಯೆ ಪ್ರಸಿದ್ಧ. ಒಂದು ದಾಳವನ್ನು 4 ಸಲ ಉರುಳಿಸಿ ಒಮ್ಮೆಯಾದರೂ 6 ಬೀಳುತ್ತದೆ ಎಂದು ಪಣ ಕಟ್ಟುವುದು ಲಾಭದ ಆಟ. ಹಾಗಾದರೆ ಎರಡು ದಾಳಗಳನ್ನು 24 ಸಲ ಉರುಳಿಸಿ ಒಮ್ಮೆಯಾದರೂ ಎರಡರಲ್ಲೂ 6 ಬೀಳುತ್ತದೆ ಎನ್ನುವುದೂ ಅಷ್ಟೇ ಲಾಭ ತರಬೇಕಲ್ಲವೇ? 4/6 ಮತ್ತು 24/36 ಎರಡೂ 2/3 ತಾನೇ? ನಿಜವಾದ ಲೆಕ್ಕ ಬೇರೆ. ಮೊದಲನೆಯದು 1 − (5/6)⁴, ಸುಮಾರು 0.518. ಎರಡನೆಯದು 1 − (35/36)²⁴, ಸುಮಾರು 0.491. ಒಂದು ಅರ್ಧಕ್ಕಿಂತ ಮೇಲೆ, ಇನ್ನೊಂದು ಅರ್ಧಕ್ಕಿಂತ ಕೆಳಗೆ. ಕೂಡಿದ ಮೊತ್ತ ಎರಡಕ್ಕೂ ಒಂದೇ, ಆದರೆ ಹಾಯ್ದ ಪಾಲು ಬೇರೆ ಬೇರೆ. 1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ನಡುವೆ ನಡೆದ ಪತ್ರವ್ಯವಹಾರದಲ್ಲಿ ಈ ಸಮಸ್ಯೆಯೂ ಬಂದಿತ್ತು.

ದುರಸ್ತಿ: ‘ಕನಿಷ್ಠ ಒಂದು’, ‘ಒಮ್ಮೆಯಾದರೂ’, ‘ಯಾವುದಾದರೂ ಒಂದು’ ಎಂಬ ಪದ ಕಂಡ ಕೂಡಲೇ ಪೂರಕ ಘಟನೆಯ ಕಡೆ ತಿರುಗಿ. ‘ಒಂದೂ ಇಲ್ಲ’ ಎಂಬುದರ ಸಂಭವನೀಯತೆ ಕಂಡುಹಿಡಿದು 1ರಿಂದ ಕಳೆಯಿರಿ.

ಇದೇ ದೋಷ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವ ಜಾಗವೊಂದಿದೆ. ಪ್ರತಿ ಪ್ರಯತ್ನದಲ್ಲಿ 1/1000 ಸಂಭವನೀಯತೆಯ ಘಟನೆಯನ್ನು 10 ಸ್ವತಂತ್ರ (ಒಂದರ ಫಲಿತ ಇನ್ನೊಂದರ ಸಂಭವನೀಯತೆಯನ್ನು ಬದಲಿಸದ) ಪ್ರಯತ್ನಗಳಿಗೆ ಕೂಡಿದರೆ 0.01, ಸರಿಯಾದ ಉತ್ತರ ಸುಮಾರು 0.00996. ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಣ್ಣ ಸಂಖ್ಯೆಗಳಲ್ಲಿ ಪಳಗಿದ ಕೈ ದೊಡ್ಡ ಸಂಖ್ಯೆಗಳಿಗೆ ಬಂದಾಗ ಅದೇ ಅಭ್ಯಾಸ ಮುಂದುವರಿಸುತ್ತದೆ. ಸಣ್ಣ ಸಂಖ್ಯೆಗಳಲ್ಲಿ ಕೂಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ‘ಇದಕ್ಕಿಂತ ಹೆಚ್ಚಿರಲಾರದು’ ಎಂಬ ಮೇಲ್ಮಿತಿಯಾಗಿ ಆ ಮೊತ್ತ ಯಾವಾಗಲೂ ಸರಿ. ಇದಕ್ಕೆ ಬೂಲ್ ಅಸಮತೆ ಎಂದೇ ಹೆಸರು. ಮೇಲ್ಮಿತಿ ಎಂದು ಬರೆದರೆ ಆಯಿತು.

ಕಳೆಯುವ ಪದವೇ ತಪ್ಪಾಗಿದ್ದರೆ

ಕೆಲವರು ಕಳೆಯುವುದನ್ನು ಮರೆಯುವುದಿಲ್ಲ, ಏನನ್ನು ಕಳೆಯಬೇಕು ಎಂಬಲ್ಲಿ ಎಡವುತ್ತಾರೆ. ‘ಅ ಮತ್ತು ಬ’ ಎಂದರೆ ಎರಡರ ಗುಣಲಬ್ಧ ಎಂದು ಕೈ ತಾನಾಗಿ ಗುಣಿಸಿಬಿಡುತ್ತದೆ. ಸ್ವತಂತ್ರ ಘಟನೆಗಳಿಗೆ ಮಾತ್ರ ಅದು ಸರಿ. ರಾಜ ಮತ್ತು ಹಾರ್ಟ್ಸ್ ಸ್ವತಂತ್ರ: 4/52 × 13/52 = 1/52, ಎಣಿಸಿದರೂ ಅಷ್ಟೇ. ಹಾರ್ಟ್ಸ್ ತೆಗೆದು ‘ಚಿತ್ರದ ಎಲೆ’ (ಗುಲಾಮ, ರಾಣಿ, ರಾಜ ಸೇರಿ 12) ಇಡಿ. ರಾಜ ಅಥವಾ ಚಿತ್ರದ ಎಲೆ ಬರುವ ಸಂಭವನೀಯತೆಯನ್ನು ಗುಣಿಸಿ ಕಳೆದು ಕಂಡುಹಿಡಿದರೆ 49/169, ಸುಮಾರು 0.290. ಆದರೆ ರಾಜರೆಲ್ಲ ಚಿತ್ರದ ಎಲೆಗಳೇ. ಹಾಯ್ದ ಪಾಲು ಇಡೀ 4/52, ಉತ್ತರ ನೇರವಾಗಿ 12/52, ಸುಮಾರು 0.231.

ಎಲೆಯನ್ನು ವಾಪಸು ಇಡದೆ ಎರಡು ಸಲ ಎಳೆಯುವ ಲೆಕ್ಕದಲ್ಲಿ ಈ ದೋಷ ಇನ್ನೂ ನವಿರು. ಮೊದಲನೆಯದು ಅಥವಾ ಎರಡನೆಯದು ರಾಜ ಎಂಬುದಕ್ಕೆ ಕಳೆಯಬೇಕಾದದ್ದು 4/52 × 3/51, 4/52 × 4/52 ಅಲ್ಲ. ಸರಿ ಉತ್ತರ 33/221, ಸುಮಾರು 0.1493, ತಪ್ಪು ದಾರಿಯದು 25/169, ಸುಮಾರು 0.1479. ಮೂರನೇ ದಶಮಾಂಶದಲ್ಲಿ ಅಡಗಿದ ತಪ್ಪು ಇದು.

ಇದರ ಬೇರಿನಲ್ಲಿ ಇನ್ನೂ ಆಳವಾದ ಗೊಂದಲವೊಂದಿದೆ: ‘ಪರಸ್ಪರ ಹೊರಗಿಡುವ’ ಮತ್ತು ‘ಸ್ವತಂತ್ರ’ ಎರಡೂ ಒಂದೇ ಎಂಬ ಭಾವನೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂಬ ಅರ್ಥ ಎರಡೂ ಪದಗಳಿಂದ ಹೊಮ್ಮುವುದರಿಂದ ಹಾಗನ್ನಿಸುತ್ತದೆ. ವಾಸ್ತವದಲ್ಲಿ ಅವು ಎದುರುಬದುರು ನಿಲ್ಲುತ್ತವೆ. ಎಳೆದ ಎಲೆ ರಾಜ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಅದು ರಾಣಿಯಾಗಿರುವ ಸಾಧ್ಯತೆ ಆ ಕ್ಷಣವೇ ಸೊನ್ನೆಗೆ ಇಳಿಯುತ್ತದೆ. ಒಂದರ ಸುದ್ದಿ ಇನ್ನೊಂದನ್ನು ಪೂರ್ತಿ ಅಳಿಸಿಹಾಕುವಷ್ಟು ಗಟ್ಟಿಯಾದ ಅವಲಂಬನೆ ಅಲ್ಲಿದೆ. ಎರಡು ಘಟನೆಗಳಿಗೂ ಸೊನ್ನೆಗಿಂತ ಹೆಚ್ಚಿನ ಸಂಭವನೀಯತೆ ಇದ್ದು ಅವು ಪರಸ್ಪರ ಹೊರಗಿಟ್ಟರೆ, ಸ್ವತಂತ್ರವಾಗಿರಲು ಸಾಧ್ಯವೇ ಇಲ್ಲ: ಗುಣಲಬ್ಧ ಸೊನ್ನೆಗಿಂತ ಹೆಚ್ಚು, ಹಾಯ್ದ ಪಾಲು ಮಾತ್ರ ಸೊನ್ನೆ.

ಪ್ರಶ್ನೆಯ ಭಾಷೆಯಲ್ಲೇ ದೋಷವಿದ್ದರೆ

ಗಣಿತದ ‘ಅಥವಾ’ ಎರಡೂ ನಡೆಯುವುದನ್ನು ಒಳಗೊಳ್ಳುತ್ತದೆ. ಮಾತಿನ ‘ಅಥವಾ’ ಬಹಳ ಸಲ ಒಳಗೊಳ್ಳುವುದಿಲ್ಲ. 100 ಜನರಲ್ಲಿ 60 ಮಂದಿ ಪತ್ರಿಕೆ ಓದುತ್ತಾರೆ, 50 ಮಂದಿ ರೇಡಿಯೋ ಕೇಳುತ್ತಾರೆ, 25 ಮಂದಿ ಎರಡನ್ನೂ ಮಾಡುತ್ತಾರೆ ಎಂದುಕೊಳ್ಳಿ. ಒಬ್ಬರನ್ನು ಆರಿಸಿದರೆ ಅವರು ಎರಡರಲ್ಲಿ ಒಂದನ್ನಾದರೂ ಮಾಡುವವರಾಗಿರುವ ಸಂಭವನೀಯತೆ 0.85. ‘ಎರಡರಲ್ಲಿ ಒಂದನ್ನು ಮಾತ್ರ’ ಎಂದು ಕೇಳಿದರೆ 25ನ್ನು ಎರಡು ಸಲ ಕಳೆಯಬೇಕು, 0.60. ಒಂದು ಪದ ಸೇರಿದ್ದಕ್ಕೆ ಉತ್ತರ 0.25ರಷ್ಟು ಇಳಿಯಿತು.

ತಲೆಕೆಳಗಾದ ತಪ್ಪೂ ಇದೆ. ದತ್ತಾಂಶವೇ ‘ಪತ್ರಿಕೆ ಮಾತ್ರ 35, ರೇಡಿಯೋ ಮಾತ್ರ 25, ಎರಡೂ 25’ ಎಂದು ಕೊಟ್ಟಿದ್ದರೆ ಹಾಯ್ದ ಪಾಲನ್ನು ಆಗಲೇ ಬೇರ್ಪಡಿಸಿದ್ದಾರೆ. ಮೂರನ್ನೂ ಕೂಡಬೇಕು, ಕಳೆಯಬಾರದು. ಸೂತ್ರ ನೆನಪಿದೆ ಎಂದು 35 + 25 − 25 ಮಾಡಿದವರಿಗೆ 0.35 ಬರುತ್ತದೆ. ಪ್ರಾಮಾಣಿಕವಾಗಿ ಓದಿಕೊಂಡು ಬಂದವರೇ ಇಲ್ಲಿ ಅಂಕ ಕಳೆದುಕೊಳ್ಳುವುದು ನೋಡಿದಾಗ ನನಗೆ ಬೇಸರವಾಗುತ್ತದೆ. ಎರಡು ವೃತ್ತಗಳ ವೆನ್ ಚಿತ್ರ ಬರೆದು ಸಂಖ್ಯೆಗಳನ್ನು ಅವುಗಳ ಜಾಗದಲ್ಲಿ ಇಟ್ಟರೆ ಅರ್ಧ ನಿಮಿಷ ಹಿಡಿಯುತ್ತದೆ.

ಮೂರು ಘಟನೆಗಳಿದ್ದರೆ

ಮೊದಲು ಬಿಟ್ಟಿದ್ದ 1.03ಕ್ಕೆ ಮರಳೋಣ. 2, 3, 5ರಿಂದ ಭಾಗವಾಗುವವು 50, 33, 20, ಮೊತ್ತ 103. ಎರಡೆರಡು ಹಾಯ್ದ ಪಾಲುಗಳು: 6ರಿಂದ 16, 10ರಿಂದ 10, 15ರಿಂದ 6, ಮೊತ್ತ 32. ಕಳೆದರೆ 71. ಇಲ್ಲಿಗೆ ನಿಲ್ಲಿಸುವುದು ಸಾಮಾನ್ಯ ತಪ್ಪು. 30, 60, 90 ಈ ಮೂರೂ ಮೂರು ಸಲ ಸೇರಿ, ಮೂರು ಸಲ ಕಳೆದುಹೋಗಿ, ಈಗ ಲೆಕ್ಕದಲ್ಲೇ ಇಲ್ಲ. ಅವನ್ನು ವಾಪಸು ಸೇರಿಸಿದರೆ 74. ಸಂಭವನೀಯತೆ 0.74.

ಕೂಡಬಹುದು, ಆದರೂ ತಪ್ಪು

ಮೊದಲ ಪರೀಕ್ಷೆ ಪಾಸಾಗಿಯೂ ಉತ್ತರ ಕೆಡುವ ಒಂದು ಸಂದರ್ಭ ಉಳಿದಿದೆ. ಒಂದು ಪೆಟ್ಟಿಗೆಯಲ್ಲಿ 5 ಚೆಂಡು, 3 ಕೆಂಪು. ಇನ್ನೊಂದರಲ್ಲಿ 4 ಚೆಂಡು, 1 ಕೆಂಪು. ನಾಣ್ಯ ಚಿಮ್ಮಿ ಪೆಟ್ಟಿಗೆ ಆರಿಸಿ ಒಂದು ಚೆಂಡು ತೆಗೆಯುತ್ತೀರಿ. ಮೊದಲ ಪೆಟ್ಟಿಗೆಯ ಕೆಂಪು ಮತ್ತು ಎರಡನೇ ಪೆಟ್ಟಿಗೆಯ ಕೆಂಪು ಖಂಡಿತ ಪರಸ್ಪರ ಹೊರಗಿಡುತ್ತವೆ. ಹಾಗೆಂದು 3/5 + 1/4 = 0.85 ಎಂದರೆ ತಪ್ಪು. ಆ 3/5 ‘ಮೊದಲ ಪೆಟ್ಟಿಗೆ ಸಿಕ್ಕಿದ ಮೇಲೆ’ ಎಂಬ ಷರತ್ತಿನದು, 1/4 ಬೇರೆ ಷರತ್ತಿನದು. ಎರಡರಲ್ಲೂ ಸಾಧ್ಯ ಫಲಿತಗಳ ಗುಂಪೇ ಬೇರೆ. ಪ್ರತಿಯೊಂದನ್ನೂ ಆ ಪೆಟ್ಟಿಗೆ ಸಿಗುವ 1/2ರಿಂದ ಗುಣಿಸಿ ಒಂದೇ ನೆಲಕ್ಕೆ ತಂದ ಮೇಲೆ ಕೂಡಿ: 3/10 + 1/8 = 17/40, ಅಂದರೆ 0.425.

ದುರಸ್ತಿಯ ನಂತರ ತಾಳೆ ನೋಡುವುದು

‘ಅ ಅಥವಾ ಬ’ ಎಂಬುದರ ಸಂಭವನೀಯತೆ ಎರಡರಲ್ಲಿ ದೊಡ್ಡದಕ್ಕಿಂತ ಕಡಿಮೆಯಿರಲಾರದು, ಎರಡರ ಮೊತ್ತವನ್ನಾಗಲಿ 1ನ್ನಾಗಲಿ ಮೀರಲಾರದು. ಮೇಲಿನ 0.35 ಈ ಜರಡಿಯಲ್ಲೇ ಸಿಕ್ಕಿಬೀಳುತ್ತಿತ್ತು, ಪತ್ರಿಕೆ ಓದುವವರೇ 0.60 ಇದ್ದಾರಲ್ಲ. ಫಲಿತಗಳು 36ರಷ್ಟೇ ಇದ್ದರೆ ಸೂತ್ರ ಬದಿಗಿಟ್ಟು ಚೌಕಟ್ಟು ಬರೆದು ಬೆರಳಿಟ್ಟು ಎಣಿಸಿ. ಕಂಪ್ಯೂಟರ್ ಕೈಯಲ್ಲಿದ್ದರೆ ಪ್ರಯೋಗವನ್ನೇ ಲಕ್ಷ ಸಲ ನಡೆಸಿ, ಎಷ್ಟು ಸಲ ಘಟನೆ ನಡೆಯಿತು ಎಂದು ನೋಡಿ. ಆದರೆ ದ ಮೆರೆಯ 0.491ನ್ನು ಅರ್ಧದಿಂದ ಬೇರ್ಪಡಿಸಲು ನೂರಿನ್ನೂರು ಸಲ ಸಾಲದು. ಸಂಖ್ಯೆ ಕಡಿಮೆಯಿದ್ದಷ್ಟೂ ಅದೃಷ್ಟದ ಏರಿಳಿತ ವ್ಯತ್ಯಾಸವನ್ನು ನುಂಗಿಬಿಡುತ್ತದೆ.

ಕೆಲವೊಮ್ಮೆ ದೋಷ ಲೆಕ್ಕದಲ್ಲಿರುವುದಿಲ್ಲ, ಮಾಹಿತಿಯೇ ಸಾಲದಿರುತ್ತದೆ. ಸಂ(ಅ) = 0.7, ಸಂ(ಬ) = 0.6 ಎಂದು ಕೊಟ್ಟು, ಅವು ಎಷ್ಟು ಹಾಯ್ದಿವೆ ಎಂದಾಗಲಿ ಸ್ವತಂತ್ರವೇ ಎಂದಾಗಲಿ ಹೇಳದಿದ್ದರೆ ಒಂದೇ ಉತ್ತರಕ್ಕೆ ತಡಕಾಡಬೇಡಿ. ಮೊತ್ತ 1.3 ಇರುವುದರಿಂದ ಹಾಯ್ದ ಪಾಲು ಕನಿಷ್ಠ 0.3 ಇರಲೇಬೇಕು, 0.6ನ್ನು ಮೀರುವಂತಿಲ್ಲ. ಆದ್ದರಿಂದ ‘ಅ ಅಥವಾ ಬ’ ನಡೆಯುವ ಸಂಭವನೀಯತೆ 0.7ರಿಂದ 1ರ ನಡುವೆ ಎಲ್ಲಾದರೂ ಇರಬಹುದು. ಅಷ್ಟನ್ನೇ ಬರೆದು, ಸ್ವತಂತ್ರವೆಂದು ಊಹಿಸಿದರೆ 0.88 ಎಂದು ಪಕ್ಕದಲ್ಲಿ ಸೇರಿಸಿ, ಅದು ಊಹೆ ಎಂಬುದನ್ನೂ ಬರೆಯಿರಿ.